ವನಿತಾಳ ಕೈಯಲ್ಲಿ ಉಪ್ಪಿರಲಿಲ್ಲ

ವನಿತಾ, ಆ ಬೋರ್ಡುಗಳನ್ನು ಕೆಡಿಸಿದವಳು ನಾನು. ನಿನ್ನ ಒಣಮೀನಲ್ಲ, ನಿನ್ನ ಕೈಯ ಉಪ್ಪಲ್ಲ — ನಾನು. ಅದು ನನಗೆ ಆ ದಿನವೇ ಗೊತ್ತಿತ್ತು. ಪ್ರಾಚಾರ್ಯರ ಎದುರು ಬಾಯಿ ತೆರೆಯುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಹೆಸರು ಹೇಳಿದೆ.

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಆಗ ಬೇಲೆಕೇರಿಯ ಕನ್ನಡ ಶಾಲೆಗೆ ಎರಡು ಜಡೆ ಹಾಕಿಕೊಂಡು ಹೋಗುತ್ತಿದ್ದ ನಿನ್ನ ಮಗಳು ದೀಕ್ಷಾ ಈಗ ನಮ್ಮದೇ ವಿಭಾಗದಲ್ಲಿ ಡಿಪ್ಲೊಮಾ ಓದುತ್ತಿದ್ದಾಳೆ. ಅವಳು ಬರದೇ ಇದ್ದಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆ. ನಿವೃತ್ತಿಯ ದಿನ ಶಾಲು ಹೊದೆಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಶಿರವಾಡದ ಮನೆಗೆ ಹೋಗಿ ಆರಾಮಾಗಿ ಕೂತುಬಿಡುತ್ತಿದ್ದೆ. ನನ್ನ ಬಗ್ಗೆ ನನಗೆ ಅಷ್ಟಂತೂ ಗೊತ್ತಾಗಿದೆ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಡುವೆ ಏನಾದರೂ ಬಿಟ್ಟರೆ ಮತ್ತೆ ನನಗೆ ಬೇಕಾದ ಹಾಗೆ ಹೇಳಿಬಿಡುತ್ತೇನೆ — ಆ ಚಾಳಿ ನನಗಿದೆ.

ಕಾರವಾರದ ಆ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ, ಕಾಯಂ ನೌಕರಿ. ನೀನು ಲ್ಯಾಬಿನ ಸಹಾಯಕಿ, ವರ್ಷವರ್ಷಕ್ಕೆ ಮುಂದುವರಿಸುವ ಕರಾರು. ಗಂಡ ಬೋಟಿನ ಮೇಲೆ ಕಡಲಿಗೆ, ನೀನು ಬೇಲೆಕೇರಿಯಿಂದ ಬಸ್ಸಿಗೆ. ಅರ್ಗಾ ದಾಟುವಾಗ ನೌಕಾನೆಲೆಯ ಉದ್ದ ಗೋಡೆ ನೋಡುತ್ತ ನೋಡುತ್ತ ನಿದ್ದೆ ಬಂದುಬಿಡ್ತದೆ ಎಂದು ನೀನು ನಗುತ್ತಿದ್ದೆ. ಐಟಿಐಯಲ್ಲಿ ನಿಮ್ಮ ತಂಡದಲ್ಲಿ ನೀನೊಬ್ಬಳೇ ಹುಡುಗಿಯಂತೆ. ಬೆಸುಗೆ ಕಡ್ಡಿ ಹಿಡಿದರೆ ನಿನ್ನ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಮಕ್ಕಳು ಸಂಶಯ ಬಂದರೆ ನನ್ನ ಮೇಜಿಗೆ ಬರದೆ ನಿನ್ನ ಮೇಜಿನ ಸುತ್ತ ನಿಲ್ಲುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಇದನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಕ್ಕಳು ಪ್ರೋಗ್ರಾಂ ಬರೆದು ದೀಪ ಹೊತ್ತಿಸಿ, ಮೋಟಾರು ತಿರುಗಿಸಿ ಕಲಿಯುವ ಅಂಗೈಯಗಲದ ಬೋರ್ಡುಗಳು ಆಗಷ್ಟೇ ಬಂದಿದ್ದವು. ಅದರ ಅಂಚಿನಲ್ಲಿ ಯುಎಸ್‌ಬಿ ವೈರು ಸಿಕ್ಕಿಸುವ ಸಣ್ಣ ಬಾಯಿ. ಇಡೀ ಬೋರ್ಡಿನಲ್ಲಿ ಅಷ್ಟು ನಾಜೂಕಾದದ್ದು ಬೇರೆ ಇಲ್ಲ. ತುದಿ ಹಿಡಿದು ಮೆಲ್ಲಗೆ ತೆಗೆಯಿರಿ ಎಂದರೆ ಯಾವ ಮಗುವೂ ಕೇಳದು. ವೈರು ಹಿಡಿದೇ ಎಳೆಯುವುದು. ಬಾಯಿ ಕಿತ್ತು ಕೈಗೆ ಬರುತ್ತಿತ್ತು, ಜೊತೆಗೆ ಕೆಳಗಿನ ತಾಮ್ರದ ಎಳೆಯೂ ಎದ್ದು ಬರುತ್ತಿತ್ತು. ಆಮೇಲೆ ನೀನು ಎಷ್ಟು ಕೂತು ಬೆಸುಗೆ ಹಾಕಿದರೂ ಅದು ಮೊದಲಿನ ಹಾಗೆ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ನೀನು ಮನೆಯಿಂದ ಬಲೆ ನೇಯುವ ನೈಲಾನ್ ನೂಲು ತಂದೆ. ಗೇಣುದ್ದದ ಒಂದು ವೈರನ್ನು ಬೋರ್ಡಿನ ಬಾಯಿಗೆ ಸಿಕ್ಕಿಸಿ, ಮಡಚಿ, ಬೋರ್ಡಿನ ಮೂಲೆಯ ತೂತಿಗೆ ನೂಲಿನಿಂದ ಗಂಟು ಹಾಕಿ ಬಿಗಿದೆ. ಆ ತುಂಡು ವೈರು ಇನ್ನು ಅಲ್ಲೇ ಇರಲಿ, ಮಕ್ಕಳು ಸಿಕ್ಕಿಸುವುದು ಎಳೆಯುವುದು ಎಲ್ಲ ಅದರ ಇನ್ನೊಂದು ತುದಿಯಲ್ಲಿ ಆಗಲಿ ಎಂದು.

"ಅಕ್ಕೋರೆ, ಈಗ ಯಾರು ಎಳದ್ರೂ ಗಂಟಿಗೆ ಜಗ್ತದೆ. ಬಾಯಿಗೆ ಏನೂ ಆಗೂದಿಲ್ಲ, ನೋಡಿ."

ನಾನು ಎಳೆದು ನೋಡಿದೆ. ಏನೂ ಆಗಲಿಲ್ಲ. ಚೆನ್ನಾಗಿದೆ ಎನ್ನಬೇಕಿತ್ತು. "ಇದೇನು ಲ್ಯಾಬೋ, ದೋಣಿಯೋ?" ಎಂದೆ, ಮಕ್ಕಳ ಎದುರು. ಅವರು ನಕ್ಕರು. ನೀನೂ ನಕ್ಕೆ. ಬೋರ್ಡನ್ನು ಮೇಜಿನ ಮೇಲಿಟ್ಟು ನೂಲಿನ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡೆ.

ಆಮೇಲೆ ನನ್ನದೂ ಒಂದು ಉಪಾಯ ಇರಬೇಕಲ್ಲ! ಕಡಲ ಗಾಳಿಯ ಊರಿನವರಿಗೆ ಯಾವುದನ್ನೂ ಬರಿದೇ ಬಿಟ್ಟು ಅಭ್ಯಾಸವಿಲ್ಲ. ಕಿಟಕಿಯ ಸರಳಿಗೆ ಬಣ್ಣ, ಗೇಟಿನ ಬೀಗಕ್ಕೆ ಗ್ರೀಸು, ಬಾಗಿಲ ತಿರುಗುಣಿಗೆ ಕೊಬ್ಬರಿ ಎಣ್ಣೆ — ಏನಾದರೂ ಹಚ್ಚದಿದ್ದರೆ ನಮಗೆ ಸಮಾಧಾನವಿಲ್ಲ. ನಮ್ಮ ಮನೆಯಲ್ಲಿ ಬಚ್ಚಲಿನ ಸಂದಿಗೆ ಹಚ್ಚಿ ಉಳಿದ ಸಿಲಿಕೋನ್ ಟ್ಯೂಬು ಇತ್ತು. ತುಂಡು ವೈರು ಸಿಕ್ಕಿಸಿ ಅದರ ಸುತ್ತ ಈ ಅಂಟು ಮೆತ್ತಿಬಿಟ್ಟರೆ ವೈರೂ ಅಲ್ಲಾಡದು, ಉಪ್ಪುಗಾಳಿಯೂ ಒಳಗೆ ಹೋಗದು ಎಂದು ಲೆಕ್ಕ ಹಾಕಿದೆ. ಸಿಬ್ಬಂದಿ ಸಭೆಯಲ್ಲಿ ನಿಂತು ಹೇಳಿದೆ. ಪ್ರಾಚಾರ್ಯರು ತಲೆದೂಗಿದರು. ಒಂದನ್ನು ಪರೀಕ್ಷಿಸಿ ನೋಡುವ ತಾಳ್ಮೆ ನನಗಿರಲಿಲ್ಲ.

ರಜೆಗೆ ಮುಂಚಿನ ವಾರ. ನೀನು ಬೋರ್ಡುಗಳನ್ನು ಸಾಲಾಗಿ ಜೋಡಿಸಿ ಕೊಟ್ಟೆ. ನೀನು ಮುಟ್ಟಬೇಡ, ನಾನೇ ಹಚ್ಚುತ್ತೇನೆ ಎಂದೆ — ಈ ಮಾತು ನಿನಗೆ ನೆನಪಿದೆಯೋ ಇಲ್ಲವೋ, ನನಗೆ ನೆನಪಿದೆ. ಲ್ಯಾಬಿನ ತುಂಬ ವಿನೆಗರಿನಂಥ ಹುಳಿ ವಾಸನೆ. ಕಿಟಕಿ ತೆಗೆದೆವು. ಕೊನೆಗೆ ಟ್ಯೂಬು ಖಾಲಿಯಾಗಿ ಕೆಲವು ಬೋರ್ಡು ಉಳಿದವು. ನಾನು ಚಾ ಕುಡಿದು ಬರುವುದರೊಳಗೆ ಅವಕ್ಕೆ ನೀನು ನೂಲಿನ ಗಂಟು ಹಾಕಿ, ಎಲ್ಲವನ್ನೂ ಕಪಾಟಿನಲ್ಲಿ ಇಟ್ಟಾಗಿತ್ತು.

ಅದೇ ವಾರ ಒಣಮೀನು ಬಂದದ್ದು. ಮಳೆ ಹಿಡಿಯುವ ಮೊದಲು ಎಲ್ಲರ ಮನೆಯಲ್ಲೂ ಮಳೆಗಾಲಕ್ಕೆ ತುಂಬಿಡುತ್ತಾರಲ್ಲ. ಪ್ರತಿ ವರ್ಷ ನಮ್ಮ ಅರ್ಧ ಕಾಲೇಜಿಗೆ ನೀನೇ ತಂದುಕೊಡುತ್ತಿದ್ದೆ, ಬೇಲೆಕೇರಿಯ ಮರಳಿನಲ್ಲಿ ನಿನ್ನ ಅತ್ತೆ ಒಣಗಿಸಿದ್ದು. ನನಗೆ ಉಪ್ಪುಬಂಗಡೆ ಮತ್ತು ಒಣ ಶೆಟ್ಲಿ ಸೀಗಡಿ. ಸಿಬ್ಬಂದಿ ಕೋಣೆಗೆ ಬೆಕ್ಕು ಬರುತ್ತದೆ, ಲ್ಯಾಬಿನ ಕಪಾಟಿನಲ್ಲಿ ಇಡು, ಸಂಜೆ ಒಯ್ಯುತ್ತೇನೆ ಎಂದು ನಾನೇ ಹೇಳಿದೆ. ನೀನು "ಅಲ್ಲಿ ಬ್ಯಾಡ ಅಕ್ಕೋರೆ, ವಾಸ್ನೆ ಹಿಡೀತದೆ" ಎಂದೆ. ನಾನು ಇಡಿಸಿದೆ. ಆ ಸಂಜೆ ಮರೆತೆ. ಒಯ್ದದ್ದು ಕಾಲೇಜು ಮುಚ್ಚುವ ದಿನ.

ರಜೆ ಮುಗಿದು ಕಾಲೇಜು ತೆರೆದಾಗ ಆಷಾಢದ ಮಳೆ ಹೊಡೆಯುತ್ತಿತ್ತು. ದೀಕ್ಷಾಗೆ ಜ್ವರ ಎಂದು ನೀನು ಆ ದಿನ ಬಂದಿರಲಿಲ್ಲ. ಕಪಾಟು ತೆರೆದವಳು ನಾನೊಬ್ಬಳೇ. ಮೊದಲ ಬೋರ್ಡು ಕಂಪ್ಯೂಟರಿಗೆ ಸಿಕ್ಕಿಸಿದೆ — ಸತ್ತಿತ್ತು. ಎರಡನೆಯದು ಸತ್ತಿತ್ತು. ಅಂಟನ್ನು ಬ್ಲೇಡಿನಿಂದ ಕೆತ್ತಿ ನೋಡಿದೆ. ಒಳಗೆ ಹಿತ್ತಾಳೆ ಪಾತ್ರೆಯ ಕಿಲುಬಿನಂಥ ಹಸಿರು. ಪಿನ್ನುಗಳ ಬುಡ ತಿಂದುಹೋಗಿತ್ತು. ನಾನು ಹಚ್ಚಿದ ಒಂದೊಂದೂ ಹಾಗೆಯೇ.

ನೀನು ಗಂಟು ಹಾಕಿದವು ಮಾತ್ರ ಹೊಸವುಗಳಂತೆ ಇದ್ದವು. ಸಿಕ್ಕಿಸಿದೊಡನೆ ದೀಪ ಹೊತ್ತಿತು. ಅದೇ ಕಪಾಟು, ಅದೇ ಹಲಗೆ, ರಜೆಗೆ ಮುಂಚೆ ಅದೇ ಮೀನಿನ ಪೊಟ್ಟಣದ ಪಕ್ಕ ಇದ್ದವು. ಇನ್ನೇನು ಸಾಕ್ಷಿ ಬೇಕು? ಆ ಹುಳಿ ವಾಸನೆ ಇದ್ದಕ್ಕಿದ್ದಂತೆ ನೆನಪಾಯಿತು. ಅದು ಆಮ್ಲ. ಒಣಗುವಾಗ ಆಮ್ಲ ಬಿಡುವ ಅಂಟನ್ನು ತಾಮ್ರದ ಮೇಲೆ ಮೆತ್ತಿ, ಮಳೆಗಾಲದ ಥಂಡಿಯಲ್ಲಿ ಬಾಗಿಲು ಹಾಕಿಟ್ಟಿದ್ದೆ. ಎಲೆಕ್ಟ್ರಾನಿಕ್ಸ್ ಕಲಿಸುವವಳು ನಾನು.

ಇಲ್ಲಿಯವರೆಗಿನದು ತಪ್ಪು. ತಪ್ಪು ಯಾರಿಂದಲೂ ಆಗುತ್ತದೆ, ಒಪ್ಪಿಕೊಂಡರೆ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಮಾಡಿದ್ದು — ನಿನ್ನ ಗಂಟಿನ ಬೋರ್ಡುಗಳನ್ನೆಲ್ಲ ಎತ್ತಿ ನನ್ನ ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದೆ. ಯಾಕೆ ಹಾಕುತ್ತಿದ್ದೇನೆ ಎಂದು ಆಗ ನನಗೆ ನಾನೇ ಹೇಳಿಕೊಳ್ಳಲಿಲ್ಲ. ಆದರೆ ಕೈಗೆ ಗೊತ್ತಿತ್ತು.

ಮರುದಿನ ನೀನು ಬಂದೆ. ಪ್ರಾಚಾರ್ಯರೂ ಬಂದರು. ಲ್ಯಾಬ್ ತಪಾಸಣೆಗೆ ಮೇಲಿನವರು ಬರುವುದಿತ್ತು, ಪ್ರಾಚಾರ್ಯರ ಮುಖ ಕೆಂಪಾಗಿತ್ತು. ಕಪಾಟಿನ ಬಾಗಿಲು ತೆರೆದೊಡನೆ ಇನ್ನೂ ಉಳಿದಿದ್ದ ಮೀನಿನ ವಾಸನೆ ಬಂತು. ಪ್ಯೂನ್ ಗಣಪತಿ ಮೂಗು ಮುಚ್ಚಿಕೊಂಡ. ಅವನು ಮೂಗು ಮುಚ್ಚಿಕೊಂಡದ್ದೇ ತಡ, ನನಗೆ ದಾರಿ ಕಂಡಿತು.

"ಇದ್ಯಾಕೆ ಹಿಂಗಾಯ್ತು ಮೇಡಂ?" ಎಂದರು ಅವರು.

ನಾನು ಹೇಳಿದೆ: "ಸರ್, ವನಿತಾ ಇಲ್ಲಿ ಒಣಮೀನು ಇಟ್ಟಿದ್ದಳು. ಉಪ್ಪು ಬಡಿದಿದೆ. ಅದೂ ಅಲ್ಲದೆ — ಅವರ ಕೈಯಲ್ಲೇ ಉಪ್ಪಿರ್ತದಲ್ಲ ಸರ್, ಮನೆಯ ಕಸುಬೇ ಅದು."

ಹಿಂದೆ ನಿಂತಿದ್ದ ಹುಡುಗರಲ್ಲಿ ಯಾರೋ ಕಿಸಕ್ಕನೆ ನಕ್ಕರು. 'ಅವರ ಕೈ' ಎಂದೆ ನಾನು. ನಿನ್ನ ಕೈ ಎನ್ನಲಿಲ್ಲ. ಅದು ಉಪ್ಪಿನ ಮಾತಾಗಿರಲಿಲ್ಲ ವನಿತಾ, ಜಾತಿಯ ಮಾತು. ಅಂಕೋಲೆಯಲ್ಲಿ ಗದ್ದೆಯಿದ್ದ ಮನೆಯಲ್ಲಿ ಹುಟ್ಟಿದವಳು ಮೀನು ಹಿಡಿಯುವವರ ಮನೆಯವಳ ಬಗ್ಗೆ ಆಡಿದ ಮಾತು. ಸೋಮವಾರ ಒಂದು ಬಿಟ್ಟರೆ ನಮ್ಮ ಒಲೆಯ ಮೇಲೆ ಮೀನಿಲ್ಲದ ದಿನವಿಲ್ಲ. ನೀನು ತಂದುಕೊಟ್ಟ ಬಂಗಡೆ ನಮ್ಮ ಡಬ್ಬಿಯಲ್ಲಿತ್ತು, ಆ ರಾತ್ರಿಯೂ ಕೆಂಡದ ಮೇಲೆ ಸುಟ್ಟು ಗಂಜಿಗೆ ನಂಜಿಕೊಂಡೆವು. ತಿನ್ನುವ ಬಾಯಿಗೆ ಇಲ್ಲದ ಮೈಲಿಗೆಯನ್ನು ತಂದುಕೊಡುವ ಕೈಗೆ ಹಚ್ಚಿದೆ.

ಆಗ ನೀನು ಒಂದು ಮಾತು ಹೇಳಬಹುದಿತ್ತು. ಅಕ್ಕೋರೇ ಇಡು ಅಂದ್ರು ಸರ್, ಇಲ್ಲವೇ ನನ್ನ ಗಂಟಿನ ಬೋರ್ಡು ಎಲ್ಲಿ — ಅಷ್ಟು ಸಾಕಿತ್ತು, ನಾನು ಅಲ್ಲೇ ಬೀಳುತ್ತಿದ್ದೆ. ಹೇಳುತ್ತೀಯ ಎಂದು ಕಾದೆ. ನೀನು ನನ್ನನ್ನು ನೋಡಲೇ ಇಲ್ಲ. ನಿನ್ನ ಅಂಗೈ ನೋಡಿಕೊಂಡೆ.

"ನಂಗೆ ಗೊತ್ತಿಲ್ಲಾಗಿತ್ತು ಸರ್," ಎಂದೆ ನೀನು. ಅಷ್ಟೇ.

ಬೋರ್ಡಿನ ಬೆಲೆಯನ್ನು ನಿನ್ನ ಪಗಾರದಿಂದ ಹಿಡಿಯಬೇಕು ಎಂದರು ಪ್ರಾಚಾರ್ಯರು. ನಾನು ಅಡ್ಡ ಬಂದೆ. ಪಾಪ, ಗೊತ್ತಿಲ್ಲದೆ ಆಗಿದೆ, ಬಿಡಿ ಸರ್ ಎಂದೆ. ಅವರು ಬಿಟ್ಟರು. ನಾನು ದೊಡ್ಡ ಮನಸ್ಸಿನವಳಾದೆ! ಹೊರಗೆ ಪಡಸಾಲೆಯಲ್ಲಿ ನೀನು ನನ್ನ ಮೊಣಕೈ ಹಿಡಿದುಕೊಂಡು, "ನಿಮ್ಮಿಂದ ಉಳದೆ ಅಕ್ಕೋರೆ" ಎಂದೆಯಲ್ಲ — ಆ ಹಿಡಿತ ನನಗೆ ಇವತ್ತಿಗೂ ಅಸಹ್ಯ ತರಿಸುತ್ತದೆ. ನಿನ್ನ ಮೇಲಲ್ಲ. ಕೈ ಬಿಡಿಸಿಕೊಳ್ಳದೆ ನಿಂತಿದ್ದ ನನ್ನ ಮೇಲೆ.

ಆ ವರ್ಷ ಮುಗಿದ ಮೇಲೆ ನಿನ್ನ ಕರಾರು ಮುಂದುವರಿಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಕೊನೆಯ ದಿನ ನೀನು ಲ್ಯಾಬಿನ ಮೇಜುಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ ಹೋದೆ ಎಂದು ಗಣಪತಿ ಹೇಳಿದ. ನಾನು ಆ ದಿನ ರಜೆ ಹಾಕಿದ್ದೆ.

ಮುಂದಿನದು ಇನ್ನೂ ಹೊಲಸು. ಹೊಸ ಬೋರ್ಡುಗಳು ಬಂದವು. ಖಾನೆಯ ಬೀಗ ತೆಗೆದು ನಿನ್ನ ಗಂಟು ಬಿಚ್ಚಿ, ಮತ್ತೆ ಹಾಕಿ, ಬಿಚ್ಚಿ, ಹಾಕಿ ಕಲಿತುಕೊಂಡೆ. ನೂಲನ್ನು ಕಾರವಾರದ ಪೇಟೆಯಲ್ಲಿ ಬಲೆಯ ಸಾಮಾನು ಮಾರುವ ಅಂಗಡಿಯಿಂದಲೇ ತಂದೆ. ಎಲ್ಲ ಬೋರ್ಡಿಗೂ ಕಟ್ಟಿದೆ. ಒಂದರ ಬಾಯಿಯೂ ಕಿತ್ತು ಬರಲಿಲ್ಲ. ಬೇರೆ ಕಾಲೇಜಿನ ಉಪನ್ಯಾಸಕರ ತರಬೇತಿಯಲ್ಲಿ ಅದನ್ನು ತೋರಿಸಿದೆ, ಚಪ್ಪಾಳೆ ಬಿತ್ತು. ಈಗ ನಮ್ಮ ಹುಡುಗರು ಅದಕ್ಕೆ 'ಶೈಲಾ ಮೇಡಂ ಗಂಟು' ಎನ್ನುತ್ತಾರೆ. ಎಷ್ಟೋ ಸಲ ಬಾಯಿವರೆಗೆ ಬಂತು — ಅದು ನನ್ನದಲ್ಲ, ಬೇಲೆಕೇರಿಯ ಒಬ್ಬಳದು ಎಂದು. ಹೇಳಿದರೆ ಅವಳು ಈಗೆಲ್ಲಿ ಎಂದು ಕೇಳುತ್ತಾರೆ. ಯಾಕೆ ಹೋದಳು ಎಂದು ಕೇಳುತ್ತಾರೆ. ಆದ್ದರಿಂದ ನಕ್ಕು ಸುಮ್ಮನಾದೆ.

ನಾನು ನಿನ್ನ ನೌಕರಿ ಕಳೆದೆ ಎಂದಷ್ಟೇ ಇಷ್ಟು ದಿನ ತಿಳಿದಿದ್ದೆ. ಅದಕ್ಕೊಂದು ಸಮಾಧಾನವನ್ನೂ ಹುಡುಕಿಕೊಂಡಿದ್ದೆ: ಹೇಗೂ ಕರಾರಿನ ಕೆಲಸ, ಇಂದಲ್ಲ ನಾಳೆ ಹೋಗುವುದೇ, ನಿನಗೆ ಮನೆಯಲ್ಲಿ ಕಸುಬಿದೆ, ಇದು ಶೈಲಾ ಮೇಡಂ ಮಾಡಿದ್ದು ಎಂದು ಒಳಗೊಳಗೆ ನಿನಗೂ ಗೊತ್ತು, ನೀನು ನನ್ನನ್ನು ಶಪಿಸುತ್ತಿರುತ್ತೀಯ. ನಿನ್ನ ಶಾಪವನ್ನು ನಾನು ಪಾಲಿಗೆ ಬಂದ ಶಿಕ್ಷೆ ಎಂದು ಒಪ್ಪಿಕೊಂಡುಬಿಟ್ಟಿದ್ದೆ. ಅದರಿಂದ ನಿದ್ದೆಗೇನೂ ತೊಂದರೆಯಾಗಿರಲಿಲ್ಲ.

ಈ ವರ್ಷ ದೀಕ್ಷಾ ಬಂದಳು. ಮೊದಲ ಲ್ಯಾಬಿನ ದಿನ ಎಲ್ಲರೂ ಬೋರ್ಡು ತೆಗೆದುಕೊಂಡು ಕೂತರು, ಇವಳೊಬ್ಬಳು ಕಾಣಲಿಲ್ಲ. ಹೊರಗೆ ನಲ್ಲಿಯ ಹತ್ತಿರ ನಿಂತಿದ್ದಳು. ಚೀಲದಿಂದ ಸೋಪಿನ ತುಂಡು ತೆಗೆದು ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದು, ಕರ್ಚೀಫಿನಲ್ಲಿ ಬೆರಳಿನ ಸಂದಿಯನ್ನೆಲ್ಲ ಒರೆಸಿಕೊಂಡು ಬಂದು, ನನ್ನ ಎದುರು ಎರಡೂ ಅಂಗೈ ಚಾಚಿದಳು. ಒಂದನೇ ಇಯತ್ತೆಯ ಮಗು ಉಗುರು ತೋರಿಸುವ ಹಾಗೆ.

"ಇದೇನೆ?" ಎಂದೆ.

"ಆಯಿ ಹೇಳಿದಾಳೆ ಮೇಡಂ. ನಮ್ ಕೈಯಲ್ಲಿ ಉಪ್ಪು ಇರ್ತದೆ, ತೊಳೀದೆ ಬೋರ್ಡು ಮುಟ್ಟೂಕೆ ಹೋಗ್ಬ್ಯಾಡ, ಮೇಡಂಗೆ ತೋರಿಸೇ ಮುಟ್ಟು ಅಂದಾಳೆ. ಆಯಿ ಕೈಯಿಂದ ಹಿಂದೆ ತುಂಬಾ ಬೋರ್ಡು ಹಾಳಾಗಿತ್ತಂತಲ್ಲ. ನೀವೇ ಉಳಿಸಿದ್ರಂತೆ."

ಅವಳ ಊಟದ ಡಬ್ಬಿ ಎಲ್ಲಿ ಎಂದು ಕೇಳಿದೆ, ಯಾಕೆ ಕೇಳಿದೆನೋ. ಕಟ್ಟಡದ ಹೊರಗೆ ಸೈಕಲ್ ನಿಲ್ಲಿಸುವಲ್ಲಿ ಗೋಡೆಯ ಮೇಲೆ ಇಟ್ಟಿದ್ದಾಳಂತೆ. ಒಳಗೆ ತರಕೂಡದೆಂದು ನೀನು ಹೇಳಿದ್ದೀಯಂತೆ. ಆಯಿ ಈಗಲೂ ಬೆಸುಗೆ ಕೆಲಸ ಮಾಡುತ್ತಾಳಾ ಎಂದು ಕೇಳಿದೆ. ಅವಳು ನಕ್ಕಳು.

"ಇಲ್ಲ ಮೇಡಂ. ಮನೇಲಿ ಟಿವಿ ರಿಮೋಟು ಕೆಟ್ರೂ ಆಯಿ ಬಿಚ್ಚೂದಿಲ್ಲ. ಬಾಜೂಮನೆ ಅಣ್ಣನ್ನ ಕರೀತಾಳೆ. ತನ್ನ ಕೈ ಅದಕ್ಕೆ ಆಗೂದಿಲ್ಲ ಅಂತಾಳೆ."

ನೀನು ನಂಬಿಬಿಟ್ಟೆಯಾ ವನಿತಾ? ನಾನು ತಪ್ಪಿಸಿಕೊಳ್ಳಲು ಆಡಿದ ಒಂದು ಮಾತನ್ನು — ಗಣಪತಿ ಮೂಗು ಮುಚ್ಚಿಕೊಂಡದ್ದು ನೋಡಿ ಹೊಳೆದ ಮಾತನ್ನು — ನೀನು ನಿಜವೆಂದು ಮನೆಗೆ ಒಯ್ದೆಯಾ? ನನ್ನನ್ನು ಬೈಯುತ್ತಿರುತ್ತೀಯ ಎಂದುಕೊಂಡಿದ್ದೆ. ನೀನು ನಿನ್ನ ಕೈಯನ್ನೇ ಬೈದುಕೊಂಡಿದ್ದೀಯ. ಸಾಲದ್ದಕ್ಕೆ ಅದನ್ನು ಮಗಳಿಗೂ ಕಲಿಸಿ ಕಳಿಸಿದ್ದೀಯ, ಒಳ್ಳೆಯ ಬುದ್ಧಿ ಎಂದು. ಅವಳು ಹೀಗೆಯೇ ತೊಳೆಯುತ್ತ ಹೋಗುತ್ತಾಳೆ. ನಾಳೆ ಯಾವುದೋ ಕಂಪನಿಯ ಬಾಗಿಲಲ್ಲೂ ಅಂಗೈ ಚಾಚುತ್ತಾಳೆ.

ಆಗಲೇ ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. "ಸರಿ, ಹೋಗಿ ಕೂತ್ಕೋ," ಎಂದೆ. ಆಮೇಲಿನ ವಾರವೂ ಅವಳು ತೊಳೆದು ಬಂದು ತೋರಿಸಿದಳು, ನಾನು ನೋಡಿದೆ. ಅದರ ಮುಂದಿನ ವಾರವೂ. ನಿನಗೆ ಮೊದಲು ಹೇಳಬೇಕು, ಮಗುವಿಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಹೌದು, ಹೇಡಿತನವೂ ಹೌದು.

ನಿನ್ನೆ ಈಗಿನ ಪ್ರಾಚಾರ್ಯರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಆಗ ಇಲ್ಲಿ ಇರಲಿಲ್ಲ. ಪೂರ್ತಿ ಕೇಳಿ, "ಹೋಗ್ಲಿ ಬಿಡಿ ಮೇಡಂ, ಹಳೇ ಸಂಗತಿ. ಈಗ ಯಾಕೆ ಕೆದಕೂದು?" ಎಂದರು. ಕ್ಷಮೆ ಎಷ್ಟು ಸಸ್ತಾ, ನೋಡು — ಏನೂ ಕಳೆದುಕೊಳ್ಳದವರ ಹತ್ತಿರ ಕೇಳಿದರೆ. ಸೋಮವಾರ ಲ್ಯಾಬಿನಲ್ಲಿ ಎಲ್ಲರೆದುರು ಹೇಳುತ್ತೇನೆ ಎಂದು ಅವರಿಗೆ ಹೇಳಿ ಬಂದಿದ್ದೇನೆ. ಅಂಟು ಹಚ್ಚಿದವಳು ಯಾರು, ಗಂಟು ಯಾರದು, ಎರಡನ್ನೂ. ಆಮೇಲೆ ಅವರು ಏನು ಕ್ರಮ ತೆಗೆದುಕೊಂಡರೂ ಸರಿ.

ಅದಕ್ಕೂ ಮೊದಲು, ಭಾನುವಾರ, ಈಗ ಮನಸ್ಸಿನಲ್ಲೇ ನಿನಗೆ ಹೇಳುತ್ತಿರುವ ಇದನ್ನೆಲ್ಲ ಬಾಯಿಬಿಟ್ಟು ಹೇಳಲು ಬೇಲೆಕೇರಿಗೆ ಬರುತ್ತೇನೆ. ನಿನ್ನ ಅತ್ತೆ ಇರಲಿ, ಗಂಡ ಇರಲಿ, ಮಗಳು ಇರಲಿ, ಬಾಜೂಮನೆಯವರೂ ಇರಲಿ. ನಾಲ್ಕು ಜನರ ಎದುರು ಆಡಿದ್ದನ್ನು ಒಳಗೆ ಕರೆದು ಕಿವಿಯಲ್ಲಿ ಹೇಳಿದರೆ ಆಗುವುದಿಲ್ಲ. ನೀನು ಬೈದರೆ ಕೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಬಸ್ಸಿಗೆ ಹೋಗುತ್ತೇನೆ. ನಾನು ಹೆದರುವುದು ಅದಕ್ಕಲ್ಲ. ನನ್ನನ್ನು ಕಂಡೊಡನೆ ನೀನು ಸೆರಗು ಸರಿಮಾಡಿಕೊಂಡು, "ಬನ್ನಿ ಅಕ್ಕೋರೆ, ಕೂತ್ಕಣಿ, ಚಾ ಮಾಡ್ತೆ," ಎನ್ನುತ್ತೀಯ. ನನ್ನಿಂದ ಉಳಿದವಳ ಹಾಗೆ, ಖುಷಿಯಿಂದ. ದಯವಿಟ್ಟು ಒಳಗೆ ಹೋಗಬೇಡ ವನಿತಾ. ನನಗೆ ಕೂರಲು ಹೇಳಬೇಡ. ಅಂಗಳದಲ್ಲೇ ನಿಲ್ಲಿಸಿ, ಮೊದಲು ಕೇಳು.